ಮೂಲೆಗೆ ಬಿದ್ದ ಹಳೇ ಚೈನ್‌ಸಾ ಮತ್ತೆ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೈಯಿಂದ ಕೈಗೆ ಹೋಗುವ ಹಳೇ ಚೈನ್‌ಸಾಗಳಲ್ಲಿ ಎರಡು ಜಾತಿ. ಒಂದು ಸ್ಟಿಲ್, ಹಸ್ಕ್ವಾರ್ನಾ ತರಹದ ಕಂಪನಿ ಮಷಿನ್. ಇನ್ನೊಂದು ಹತ್ತಾರು ಹೆಸರಿನಲ್ಲಿ ಮಾರಾಟವಾಗುವ, ಒಳಗೆ ಮಾತ್ರ ಒಂದೇ ನಮೂನೆಯ 52 ಅಥವಾ 58 ಸಿಸಿ ಮಷಿನ್. ಇಲ್ಲಿನ ಉತ್ತರಗಳು ಎರಡಕ್ಕೂ ಸೇರಿ ಇವೆ. ಅಳತೆ ಬೇರೆಯಾಗುವ ಕಡೆ ಬೇರೆಯಾಗಿಯೇ ಹೇಳಿದೆ.

ಸೆಕೆಂಡ್ ಹ್ಯಾಂಡ್ ಮಷಿನ್ ತಂದೇವಿ. ಮೊದ್ಲ ಹಗ್ಗ ಜಗ್ಗಿ ಚಾಲೂ ಆಗತೈತೋ ಇಲ್ಲೋ ನೋಡೂಣೇನು?

ಬೇಡ. ಎರಡು ವರ್ಷ ನಿಂತ ಮಷಿನ್‌ನ ಟ್ಯಾಂಕಿನಲ್ಲಿ ಏನಿದೆ, ಅದರಲ್ಲಿ 2ಟಿ (ಟು-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್‌ನಲ್ಲಿ ಬೆರೆಸುವ) ಎಣ್ಣೆ ಬೆರೆತಿತ್ತೋ ಇಲ್ಲವೋ ನಿಮಗೆ ಗೊತ್ತಿಲ್ಲ. ಎಣ್ಣೆಯಿಲ್ಲದ ಪೆಟ್ರೋಲ್‌ನಲ್ಲಿ ಅದು ಹೊತ್ತಿಕೊಂಡರೆ, ಇನ್ನೂ ಚೆನ್ನಾಗಿದ್ದ ಪಿಸ್ಟನ್ ಸ್ವಲ್ಪ ಹೊತ್ತಿನಲ್ಲೇ ಗೀರು ಬಿದ್ದು ಹಾಳಾಗುತ್ತದೆ.

ಕೆಲಸದ ಕ್ರಮ ಹೀಗಿರಲಿ: ಟ್ಯಾಂಕ್ ಖಾಲಿ ಮಾಡಿ. ಪ್ಲಗ್ ಬಿಚ್ಚಿ. ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿ. ಪ್ಲಗ್ ತೂತಿಗೆ ನಾಲ್ಕೈದು ಹನಿ 2ಟಿ ಎಣ್ಣೆ ಬಿಟ್ಟು ಹಗ್ಗ ನಿಧಾನವಾಗಿ ಎಳೆದು, ತಿರುಗುವಿಕೆ ಸರಾಗವಾಗಿದೆಯೋ, ಎಲ್ಲಾದರೂ ತಡೆಯುತ್ತದೆಯೋ ನೋಡಿ. ಆಮೇಲೆ ಸ್ಪಾರ್ಕ್, ಆಮೇಲೆ ಇಂಧನ. ಈ ಕ್ರಮಕ್ಕೆ ಅರ್ಧ ತಾಸು ಸಾಕು, ಮತ್ತು ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದು ಇಲ್ಲಿಯೇ ತಿಳಿಯುತ್ತದೆ.

ಕೊಳ್ಳೋ ಮುಂಚೆ ಮಾರೋರ ಮುಂದ ಏನೇನು ನೋಡಬೇಕು?

ಒಂದು ಟಿ-27 ನಕ್ಷತ್ರ ಬಿಟ್, ಒಂದು 4 ಮತ್ತು 5 ಮಿ.ಮೀ. ಅಲೆನ್ ಕೀ, ಪ್ಲಗ್ ಪಾನಾ, ಮೊಬೈಲ್ ಟಾರ್ಚ್ ಒಯ್ಯಿರಿ. ಸೈಲೆನ್ಸರ್ ಬಿಚ್ಚಲು ಎರಡು ಮೂರು ಬೋಲ್ಟ್ ಅಷ್ಟೇ. "ಬಿಚ್ಚಬ್ಯಾಡ್ರಿ" ಎಂದರೆ ಸುಮ್ಮನೆ ಎದ್ದು ಬನ್ನಿ.

ಬಿಚ್ಚಲು ಆಗದಿದ್ದರೆ ಹಗ್ಗದ ಪರೀಕ್ಷೆ ಮಾಡಿ. ಸ್ವಿಚ್ ಆಫ್ ಇರಲಿ. ಹಗ್ಗದ ಹಿಡಿಕೆ ಹಿಡಿದು ಮಷಿನ್ ಅನ್ನು ನೆಲದಿಂದ ಸ್ವಲ್ಪವೇ ಮೇಲೆತ್ತಿ ತೂಗಬಿಡಿ. ಒಂದೊಂದು ಕಂಪ್ರೆಶನ್‌ಗೆ ತಡೆದು ತಡೆದು ಇಳಿದರೆ ಒಳಗೆ ಜೀವ ಇದೆ. ಸರ್ರನೆ ನೆಲಕ್ಕೆ ಇಳಿದರೆ ರಿಂಗ್ ಅಥವಾ ಸಿಲಿಂಡರ್ ಹೋಗಿದೆ. ಇದು ಅಂದಾಜು ಪರೀಕ್ಷೆ ಮಾತ್ರ. ಕೆಲವು ಮಷಿನ್‌ಗಳಲ್ಲಿ ಸುಲಭವಾಗಿ ಎಳೆಯಲೆಂದು ಕಂಪ್ರೆಶನ್ ಬಿಡುವ ಬಟನ್ ಇರುತ್ತದೆ, ಅದು ಒತ್ತಿ ಒಳಗೆ ಕೂತಿದ್ದರೆ ಒಳ್ಳೆಯ ಮಷಿನ್ ಕೂಡ ಸತ್ತಂತೆ ತೋರುತ್ತದೆ. ಕಂಪ್ರೆಶನ್ ಗೇಜ್ ಇದ್ದರೆ ಲೆಕ್ಕ ಸುಲಭ: ತಣ್ಣಗಿದ್ದಾಗ 130 ಪಿಎಸ್ಐ ಮೇಲೆ ಬಂದರೆ ಚಿಂತೆಯಿಲ್ಲ, 110ರ ಆಸುಪಾಸು ಬಂದರೆ ರಿಂಗ್ ಖರ್ಚು ಹಿಡಿದುಕೊಳ್ಳಿ, 100ಕ್ಕಿಂತ ಕೆಳಗೆ ಬಂದರೆ ಅದನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೇಳಿ.

ಇದಲ್ಲದೆ ಹಿಡಿಕೆ ಬಿರುಕು, ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಕೂರುವ ಸ್ಟಡ್‌ಗಳ ಥ್ರೆಡ್, ಚೈನ್ ಬ್ರೇಕ್ ಟಕ್ಕನೆ ಬೀಳುತ್ತದೆಯೇ ಎಂಬುದನ್ನೂ ನೋಡಿ. ಹೊಸ ಬಣ್ಣ ಹೊಡೆದ ಮಷಿನ್ ಬಗ್ಗೆ ಅನುಮಾನವಿರಲಿ.

ಸೈಲೆನ್ಸರ್ ತೆಗೆದ್ವಿ. ಪಿಸ್ಟನ್ ಮ್ಯಾಲೆ ಏನು ಹುಡುಕಬೇಕು?

ಪಿಸ್ಟನ್ ಬದಿ ಮಂದವಾದ ಬೂದು ಬಣ್ಣದಲ್ಲಿ, ಕಾರ್ಖಾನೆಯ ಸಣ್ಣ ಅಡ್ಡ ಗೆರೆಗಳು ಕಾಣುವಂತಿದ್ದರೆ ಅದು ಒಳ್ಳೆಯ ಪಿಸ್ಟನ್. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಜಾಮ್ ಆಗಿದೆ ಎಂದರ್ಥ. ಆದರೆ ಗೀರು ಎಲ್ಲಿದೆ ಎನ್ನುವುದು ಗೀರಿಗಿಂತ ಮುಖ್ಯ.

ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ: ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಂದು ಕಾದಿದೆ. ಕಾರಣ ಕಾರ್ಬೊರೇಟರ್‌ನ ಎಚ್ ಸ್ಕ್ರೂ (ಪೂರ್ತಿ ರೇಸಿನಲ್ಲಿ ಪೆಟ್ರೋಲ್ ಅಳತೆ ಇಡುವುದು) ತಪ್ಪು, ಬಿರುಕು ಬಿಟ್ಟ ಇಂಟೇಕ್ ರಬ್ಬರ್, ಹೋದ ಕ್ರ್ಯಾಂಕ್ ಸೀಲ್, ಅಥವಾ ಕಟ್ಟಿಕೊಂಡ ಇಂಧನ ಫಿಲ್ಟರ್.

ಸುತ್ತಲೂ ನಾಲ್ಕೂ ಕಡೆ ಗೀರಿದ್ದರೆ: ಯಾರೋ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ.

ಕಾರ್ಬೊರೇಟರ್ ಕಡೆ ಪಿಸ್ಟನ್ ಸವೆದು ಮಂಕಾಗಿದ್ದರೆ: ಧೂಳು ಕುಡಿದಿದೆ. ಇಂಡಿ, ಸಿಂದಗಿ, ಹುನಗುಂದ ಕಡೆಯ ಎರೆ ಹೊಲಗಳ ಬೇಸಿಗೆ ಧೂಳಿನಲ್ಲಿ ದುಡಿದ ಮಷಿನ್‌ಗಳಲ್ಲಿ ಈ ಗುರುತು ಹುಡುಕಿ ನೋಡಲೇಬೇಕು. ಖಾನಾಪುರದ ಮಳೆ ಸೀಮೆಯ ಮಷಿನ್‌ಗೆ ಧೂಳಿನ ಕಾಟ ಕಡಿಮೆ, ತುಕ್ಕಿನ ಕಾಟ ಜಾಸ್ತಿ.

ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ, ಅದೇ ಕಾರಣಕ್ಕೆ ಅದೂ ಹೋಗುತ್ತದೆ. ಪಿಸ್ಟನ್ ಕಿಟ್ ಕೊಂಡವರಲ್ಲಿ ಬಹಳ ಜನ ಮರೆಯುವುದು ಇದನ್ನೇ.

ತೊಳೀಲಿಕ್ಕೆ ಏನು ಬಳಸಬೇಕು? ವಾಟರ್ ಸರ್ವಿಸ್‌ಗೆ ಕೊಟ್ಟರ ನಡೀತೈತಿ?

ವಾಟರ್ ಸರ್ವಿಸ್ ಬೇಡವೇ ಬೇಡ. ಆ ಒತ್ತಡದ ನೀರು ಸೀಲ್ ದಾಟಿ ಬೇರಿಂಗ್ ಸೇರುತ್ತದೆ, ಕಿಡಿ ಕೊಡುವ ಕಾಯಿಲ್ ಒಳಗೂ ಸೇರುತ್ತದೆ.

ಕಟ್ಟಿಗೆ ಹೊಟ್ಟು ಮತ್ತು ಬಾರ್ ಎಣ್ಣೆ ಸೇರಿ ಗಟ್ಟಿಯಾದ ಜಿಗುಟನ್ನು ಮೊದಲು ಒಣಗಿದ್ದಾಗಲೇ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಮೆಗ್ನೀಸಿಯಂ ಮೈಗೆ ಗೀರಾಗುತ್ತದೆ. ಉಳಿದದ್ದಕ್ಕೆ ಚಿಮಣಿ ಎಣ್ಣೆ ಅಥವಾ ಡೀಸೆಲ್, ಹಳೇ ಹಲ್ಲುಜ್ಜುವ ಬ್ರಷ್. ಚಿಮಣಿ ಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ. ಕಾಲು ಲೀಟರ್ ಡೀಸೆಲ್ ಸಾಕು. ಪೆಟ್ರೋಲ್‌ನಲ್ಲಿ ತೊಳೆಯುವ ರೂಢಿ ಬಿಡಿ, ಆವಿ ನೆಲದ ಮೇಲೆ ಹರಿದು ದೂರದ ಒಲೆಗೂ ತಾಗುತ್ತದೆ. ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ.

ಜನ ಬಿಡುವ ಜಾಗಗಳು ಮೂರು. ಸಿಲಿಂಡರ್ ರೆಕ್ಕೆಗಳ ನಡುವಿನ ಸಂದು, ಅದರಲ್ಲೂ ಮೇಲಿನ ಪ್ಲಾಸ್ಟಿಕ್ ಮುಚ್ಚಳದಡಿ ಸೈಲೆನ್ಸರ್ ಪಕ್ಕದ್ದು. ಫ್ಲೈವೀಲ್‌ನ ಗಾಳಿ ರೆಕ್ಕೆಗಳು. ಸ್ಟಾರ್ಟರ್ ಮುಚ್ಚಳದ ಜಾಲರಿ. ಈ ಮೂರು ಕಟ್ಟಿಕೊಂಡರೆ ಎಂಜಿನ್‌ಗೆ ಗಾಳಿ ಸಿಗುವುದಿಲ್ಲ, ವಿಜಯಪುರದ 42 ಡಿಗ್ರಿ ಬಿಸಿಲಿನಲ್ಲಿ ತಾಸೊಂದು ಓಡುವಷ್ಟರಲ್ಲಿ ನಿಂತುಬಿಡುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಯಬಹುದು, ಪ್ಲಗ್ ಹಾಕಿ, ಕಾರ್ಬೊರೇಟರ್ ಬಾಯಿಗೆ ಬಟ್ಟೆ ತುರುಕಿದ ಮೇಲೆ.

ಏರ್ ಫಿಲ್ಟರ್: ನೈಲಾನ್ ಜಾಲರಿಯದಾದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿ ಹೊಡೆದರೆ ಒಳಗಿನಿಂದ ಹೊರಕ್ಕೆ ಮಾತ್ರ. ಬೆಳಕಿಗೆ ಹಿಡಿದಾಗ ಸಣ್ಣ ತೂತು ಕಂಡರೂ ಹೊಸದು ಹಾಕಿ.

ಹಗ್ಗ ಜಗ್ಗಿದರ ಅಲುಗಾಡೂದೇ ಇಲ್ಲ. ಎಂಜಿನ್ ಜಾಮ್ ಆಗೇತೇನು?

ಮೊದಲು ಸ್ಟಾರ್ಟರ್ ಮುಚ್ಚಳ ಬಿಚ್ಚಿ, ಫ್ಲೈವೀಲ್ ಅನ್ನು ಕೈಯಿಂದ ತಿರುಗಿಸಿ. ತಿರುಗಿದರೆ ದೋಷ ಸ್ಟಾರ್ಟರ್‌ನದು: ಸುರುಳಿ ಸ್ಪ್ರಿಂಗ್‌ನಲ್ಲಿ ತುಕ್ಕು ಅಥವಾ ಹಗ್ಗ ಸಿಕ್ಕಿಕೊಂಡಿದೆ. ಸ್ಪ್ರಿಂಗ್ ಬಿಚ್ಚುವಾಗ ಕನ್ನಡಕ ಹಾಕಿ, ಅದು ಮುಖಕ್ಕೆ ಹಾರುತ್ತದೆ.

ತಿರುಗದಿದ್ದರೆ ಚೈನ್ ಬ್ರೇಕ್ ಬಿದ್ದಿದೆಯೇ ನೋಡಿ, ಬಾರ್ ಮತ್ತು ಚೈನ್ ತೆಗೆದು ಮತ್ತೆ ತಿರುಗಿಸಿ. ಆಗಲೂ ಆಗದಿದ್ದರೆ ಪ್ಲಗ್ ತೂತಿಗೆ ಡೀಸೆಲ್ ಮತ್ತು 2ಟಿ ಎಣ್ಣೆ ಸಮ ಬೆರೆಸಿ ಎರಡು ಚಮಚ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಫ್ಲೈವೀಲ್ ನಟ್‌ಗೆ ಪಾನಾ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಪಾನಾಕ್ಕೆ ಪೈಪ್ ಏರಿಸಿ ಒತ್ತಬೇಡಿ. ಬಿಡದಿದ್ದರೆ ಸಿಲಿಂಡರ್ ಬಿಚ್ಚುವುದೇ ದಾರಿ.

ಸಿಲಿಂಡರ್‌ಗೆ ಗೀರು ಬಿದ್ದೈತಿ. ಅದನ್ನ ಉಳಿಸಬಹುದೇನು?

ಎಷ್ಟೋ ಸಲ ಸಿಲಿಂಡರ್ ಮೇಲೆ ಕಾಣುವುದು ಗೀರಲ್ಲ, ಪಿಸ್ಟನ್‌ನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಒಳಗಿನ ಕ್ರೋಮ್ ಅಥವಾ ನಿಕಾಸಿಲ್ (ನಿಕಲ್ ಆಧಾರದ) ಲೇಪನ ಪಿಸ್ಟನ್‌ಗಿಂತ ಬಹಳ ಗಟ್ಟಿ. ಉಗುರು ಎಳೆದಾಗ ಉಬ್ಬು ಸಿಕ್ಕರೆ ಅದು ಅಂಟಿದ ಲೋಹ, ತೆಗೆಯಬಹುದು. ಉಗುರು ತಗ್ಗಿಗೆ ಸಿಕ್ಕಿಕೊಂಡರೆ, ಅಥವಾ ಲೇಪನ ಎದ್ದು ಬೇರೆ ಬಣ್ಣದ ಲೋಹ ಕಂಡರೆ ಸಿಲಿಂಡರ್ ಮುಗಿಯಿತು.

ತೆಗೆಯುವ ಸುರಕ್ಷಿತ ದಾರಿ: 180 ನಂಬರ್ ಎಮರಿ ಪೇಪರ್ ಅನ್ನು ಬೆರಳಿಗೆ ಸುತ್ತಿ, ಅಂಟಿದ ಜಾಗಕ್ಕೆ ಮಾತ್ರ ಉಜ್ಜಿ, ಕೊನೆಗೆ 400 ನಂಬರಿನಿಂದ ಓರೆ ಗೆರೆ ಬರುವಂತೆ ಒಂದು ಸುತ್ತು. ಹಠಮಾರಿ ಪಟ್ಟಿಗಳಿಗೆ ಬಣ್ಣದ ಅಂಗಡಿಯ ಮ್ಯುರಿಯಾಟಿಕ್ ಆಸಿಡ್ ಬಳಸುವವರಿದ್ದಾರೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ನಿಕಾಸಿಲ್ ಲೇಪನವನ್ನು ಅಷ್ಟಾಗಿ ತಿನ್ನುವುದಿಲ್ಲ, ಕ್ರೋಮ್ ಲೇಪನವನ್ನಾದರೆ ತಿನ್ನುತ್ತದೆ. ಆದರೆ ಲೇಪನ ಎದ್ದ ಕಡೆ ಸಿಲಿಂಡರ್‌ನ ಮೈಯನ್ನೇ ತಿನ್ನುತ್ತದೆ, ಪೋರ್ಟ್‌ಗಳ ಅಂಚನ್ನೂ ಬಿಡುವುದಿಲ್ಲ. ಬಳಸುವುದಾದರೆ ಬಯಲಲ್ಲಿ, ಕೈಗವಸು ಮತ್ತು ಕನ್ನಡಕದ ಜೊತೆ, ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಯಲ್ಲಿ ಸವರಿ, ನೊರೆ ನಿಂತೊಡನೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಮತ್ತೆ ಸವರಿ. ಸುರಿಯಬಾರದು. ಆಮೇಲೆ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಪಕ್ಕದಲ್ಲಿಟ್ಟ ಪಾನಾಗಳಿಗೂ ತುಕ್ಕು ಬರುತ್ತದೆ.

ಪಿಸ್ಟನ್ ಕಿಟ್ ಕೂರಸೂವಾಗ ತಪ್ಪುಗಳು ಎಲ್ಲಿ ಆಗ್ತಾವ?

58 ಸಿಸಿ ಮಷಿನ್‌ನ ಬೋರ್ ಸಾಮಾನ್ಯವಾಗಿ 45.2 ಮಿ.ಮೀ.; ಕೊಳ್ಳುವ ಮುಂಚೆ ಹಳೇ ಪಿಸ್ಟನ್ ಒಯ್ದು ಪಿನ್ನಿನ ದಪ್ಪ ಮತ್ತು ಎತ್ತರ ಹೋಲಿಸಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆ. ರಿಂಗಿನ ಎರಡು ತುದಿ, ಅದು ಕೂರುವ ತೋಡಿನಲ್ಲಿರುವ ಸಣ್ಣ ಪಿನ್ನಿನ ಎರಡೂ ಕಡೆ ಸರಿಯಾಗಿ ಕೂರಬೇಕು. ಅದರ ಮೇಲೆ ಏರಿದರೆ ಸಿಲಿಂಡರ್ ಇಳಿಸುವಾಗ ರಿಂಗ್ ಮುರಿಯುತ್ತದೆ. ಲಾಕ್ ಕ್ಲಿಪ್‌ಗಳು ಹೊಸವೇ ಆಗಿರಲಿ, ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಲಿ. ಅಡ್ಡಲಾಗಿದ್ದರೆ ಪ್ರತಿ ಏರಿಳಿತಕ್ಕೂ ಅದು ಸಡಿಲಾಗಿ ಒಂದು ದಿನ ಹಾರುತ್ತದೆ. ಕ್ಲಿಪ್ ಹಾಕುವಾಗ ಕ್ರ್ಯಾಂಕ್ ಕೇಸ್ ಬಾಯಿಗೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಕ್ಲಿಪ್ ಒಳಗೆ ಬಿದ್ದು ಎಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಗ್ಯಾಸ್ಕೆಟ್ ಹಳೆಯದು ಹಾಕಬೇಡಿ. ಗಾಳಿ ಸೋರುವ ಗ್ಯಾಸ್ಕೆಟ್ ಹೊಸ ಪಿಸ್ಟನ್‌ಗೆ ಮೊದಲ ಶತ್ರು.

ಸ್ಪಾರ್ಕ್ ಬರವಲ್ದು. ಕಾಯಿಲ್ ಹೋಗೇತೇನು?

ಕಾಯಿಲ್ ಕೊನೆಯ ಅನುಮಾನವಾಗಿರಲಿ. ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಗ್ಯಾಪ್ ಸ್ಟಿಲ್‌ಗೆ 0.5 ಮಿ.ಮೀ., 52 ಮತ್ತು 58 ಸಿಸಿ ಮಷಿನ್‌ಗೆ 0.6ರಿಂದ 0.7. ಪ್ಲಗ್ ಅನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರ್‌ಗೆ ಮುಟ್ಟಿಸಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಪೆಟ್ರೋಲ್ ಆವಿ ಅಲ್ಲಿಂದ ಚಿಮ್ಮುತ್ತದೆ.

ಆಗಲೂ ಇಲ್ಲವೇ? ಕಾಯಿಲಿನಿಂದ ಸ್ವಿಚ್‌ಗೆ ಹೋಗುವ ಸಣ್ಣ ವೈರ್ ಕಳಚಿ ಮತ್ತೆ ನೋಡಿ. ಈಗ ಕಿಡಿ ಬಂದರೆ ದೋಷ ಸ್ವಿಚ್‌ನದು ಅಥವಾ ಆ ವೈರ್ ಎಲ್ಲೋ ಮೈಗೆ ತಾಗಿದೆ. ಇಲಿ ಕಡಿದ ವೈರ್ ಇಲ್ಲಿ ಸಿಗುವುದೂ ಉಂಟು. ನಂತರ ಫ್ಲೈವೀಲ್ ಮ್ಯಾಗ್ನೆಟ್ ಮತ್ತು ಕಾಯಿಲಿನ ಕಾಲುಗಳ ತುಕ್ಕನ್ನು ನಯವಾದ ಎಮರಿಯಿಂದ ಒರೆಸಿ, ನಡುವಿನ ಸಂದು 0.3 ಮಿ.ಮೀ. ಇಡಿ. ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪ ವಿಸಿಟಿಂಗ್ ಕಾರ್ಡ್ ಸಾಕು: ನಡುವೆ ಕಾರ್ಡ್ ಇಟ್ಟು, ಮ್ಯಾಗ್ನೆಟ್ ಕಾಯಿಲನ್ನು ಎಳೆದುಕೊಂಡಾಗ ಸ್ಕ್ರೂ ಬಿಗಿದು, ಕಾರ್ಡ್ ಎಳೆದು ತೆಗೆಯಿರಿ.

ಕಿಡಿ ಇದೆ, ಆದರೆ ಹಗ್ಗ ಕೈಯಿಂದ ಕಸಿದುಕೊಂಡಂತೆ ಹಿಂದಕ್ಕೆ ಎಳೆಯುತ್ತದೆ ಎಂದರೆ ಫ್ಲೈವೀಲ್ ಕೀಲಿ ಮುರಿದು ಟೈಮಿಂಗ್ ಸರಿದಿದೆ.

ಪೆಟ್ರೋಲ್, ಎಣ್ಣೆ ಎಷ್ಟಕ್ಕ ಎಷ್ಟು?

ಸ್ಟಿಲ್, ಹಸ್ಕ್ವಾರ್ನಾ ಮಷಿನ್‌ಗೆ ಒಳ್ಳೆಯ 2ಟಿ ಎಣ್ಣೆಯಿದ್ದರೆ 50ಕ್ಕೆ 1, ಅಂದರೆ ಲೀಟರ್‌ಗೆ 20 ಮಿ.ಲೀ. ಹೆಸರು ಗೊತ್ತಿಲ್ಲದ 52 ಅಥವಾ 58 ಸಿಸಿ ಮಷಿನ್‌ಗೆ 25ಕ್ಕೆ 1, ಲೀಟರ್‌ಗೆ 40 ಮಿ.ಲೀ. ಡಬ್ಬಿಯ ಮೇಲೆ ಜಾಸೋ ಎಫ್‌ಡಿ (2ಟಿ ಎಣ್ಣೆಯ ಗುಣಮಟ್ಟದ ಗುರುತು) ಎಂದಿದ್ದರೆ ಒಳ್ಳೆಯದು. ಔಷಧಿ ಅಂಗಡಿಯ ಸೂಜಿಯಿಲ್ಲದ 20 ಮಿ.ಲೀ. ಸಿರಿಂಜ್‌ಗಿಂತ ಒಳ್ಳೆಯ ಅಳತೆ ಬೇರಿಲ್ಲ. ಬಾಟಲಿಯ ಮುಚ್ಚಳದ ಅಂದಾಜು ನಂಬಬೇಡಿ.

ಬೆರೆಸುವುದು ಬೇರೆ ಕ್ಯಾನಿನಲ್ಲಿ, ಮಷಿನ್ ಟ್ಯಾಂಕಿನಲ್ಲಲ್ಲ. ಎಣ್ಣೆ ಟ್ಯಾಂಕಿನ ತಳಕ್ಕೆ ಇಳಿದು ಮೊದಲು ಹೊಗೆ, ಆಮೇಲೆ ಬರೀ ಪೆಟ್ರೋಲ್ ಆಗುತ್ತದೆ.

ಈಗಿನ ಎಥನಾಲ್ ಪೆಟ್ರೋಲ್‌ನಿಂದ ಚೈನ್‌ಸಾ ಕೆಡತೈತೇನು?

ಓಡುವಾಗ ಅಷ್ಟು ಕೆಡುವುದಿಲ್ಲ, ನಿಂತಾಗ ಕೆಡುತ್ತದೆ. ಬಂಕ್‌ಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಕಬ್ಬಿನ ಸೀಮೆಗೆ ಎಥನಾಲ್‌ನಿಂದ ಲಾಭವಿದೆ, ಅದು ಬೇರೆ ಮಾತು; ಆದರೆ ಹಳೇ ಮಷಿನ್‌ಗಳ ಕೈಪಿಡಿಗಳಲ್ಲಿ ಹೆಚ್ಚಿನವು ಶೇ 10ರ ಮೇಲೆ ಒಪ್ಪುವುದಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಒಣಗಿದಾಗ ಅದೇ ಪೈಪ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ತೇವ ಹೆಚ್ಚಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಇಂಧನ ಫಿಲ್ಟರ್ ಕೂರುವುದೂ ಅದೇ ತಳದಲ್ಲಿ.

ಹಳೇ ಟ್ಯಾಂಕಿನಿಂದ ತೆಗೆದದ್ದನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಎರಡು ಪದರ ಕಂಡರೆ, ಅಥವಾ ವಾರ್ನಿಶ್ ವಾಸನೆ ಬಂದರೆ, ಕಾರ್ಬೊರೇಟರ್ ಬಿಚ್ಚುವುದು ಖಚಿತ. ನೀರು ಬೆರೆಸಿ ಎಥನಾಲ್ ಬೇರ್ಪಡಿಸುವ ಉಪಾಯಕ್ಕೆ ಕೈ ಹಾಕಬೇಡಿ, ಆಕ್ಟೇನ್ ಇಳಿದು ಪಿಸ್ಟನ್‌ಗೇ ಪೆಟ್ಟು. ಬೇಕಾದಷ್ಟೇ ಬೆರೆಸಿ, ತಿಂಗಳೊಳಗೆ ಮುಗಿಸಿ, ಅಷ್ಟೇ.

ಕಾರ್ಬೊರೇಟರ್ ನಾವೇ ಬಿಚ್ಚಬಹುದೇನು?

ಬಿಚ್ಚಬಹುದು. ಬೈಕಿನದರಂತೆ ಇದರಲ್ಲಿ ಫ್ಲೋಟ್ ಇರುವ ಬಟ್ಟಲು ಇಲ್ಲ, ಎರಡು ತೆಳು ಪೊರೆಗಳೇ ಎಲ್ಲ ಕೆಲಸ ಮಾಡುತ್ತವೆ. ಎರಡು ವರ್ಷ ನಿಂತ ಮಷಿನ್‌ನಲ್ಲಿ ಆ ಪೊರೆಗಳು ರಟ್ಟಿನಂತೆ ಗಟ್ಟಿಯಾಗಿರುತ್ತವೆ. ಬೆರಳಿನಿಂದ ಒತ್ತಿದಾಗ ಕರಕರ ಸದ್ದು ಬಂದರೆ ಅದು ಪೆಟ್ರೋಲ್ ಎಳೆಯುವುದಿಲ್ಲ.

ಮೊದಲು ಎಲ್ (ಕಡಿಮೆ ರೇಸಿನದು) ಮತ್ತು ಎಚ್ ಸ್ಕ್ರೂಗಳನ್ನು ಒಳಕ್ಕೆ ಮೆತ್ತಗೆ ತಾಗುವವರೆಗೆ ತಿರುಗಿಸುತ್ತ ಎಷ್ಟು ಸುತ್ತು ಆಯಿತೆಂದು ಬರೆದುಕೊಳ್ಳಿ, ಆಮೇಲೆ ಹೊರತೆಗೆಯಿರಿ. ಕಾರ್ಬೊರೇಟರ್ ಮೇಲೆ ಸಾಮಾನ್ಯವಾಗಿ ವಾಲ್ಬ್ರೋ ಅಥವಾ ಝಾಮಾ ಎಂದು ಕಂಪನಿ ಹೆಸರು ನಂಬರ್ ಸಹಿತ ಒತ್ತಿರುತ್ತದೆ. ಕಿಟ್ ಆ ನಂಬರಿಗೇ ಕೊಳ್ಳಿ. ಪ್ರತಿ ಪದರ ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೂರಿಸುವ ಕ್ರಮ ಎರಡು ಕಡೆ ಬೇರೆ ಬೇರೆ: ಒಂದು ಸ್ಕ್ರೂ ಇರುವ ಪಂಪ್ ಕಡೆ ಮೊದಲು ಪೊರೆ, ಅದರ ಮೇಲೆ ಗ್ಯಾಸ್ಕೆಟ್, ಆಮೇಲೆ ಮುಚ್ಚಳ. ನಾಲ್ಕು ಸ್ಕ್ರೂ ಇರುವ ಇನ್ನೊಂದು ಕಡೆ ಮೊದಲು ಗ್ಯಾಸ್ಕೆಟ್, ಮೇಲೆ ಪೊರೆ, ಮೇಲೆ ಮುಚ್ಚಳ. ಇದು ಅದಲುಬದಲಾದರೆ ಕಿಟ್ ಹೊಸದಿದ್ದರೂ ಮಷಿನ್ ಚಾಲೂ ಆಗುವುದಿಲ್ಲ.

ಸಣ್ಣ ಸೂಜಿ ಮತ್ತು ಅದರ ಸನ್ನೆ ತೆಗೆಯುವ ಮುಂಚೆ ಸನ್ನೆಯ ಎತ್ತರ ನೋಡಿಟ್ಟುಕೊಂಡು ಹಾಗೆಯೇ ಕೂರಿಸಿ. ಒಳಗಿನ ಸಣ್ಣ ಜಾಲರಿಯನ್ನು ಮರೆಯಬೇಡಿ, ಕಸ ಕೂರುವುದು ಅಲ್ಲೇ. ತೂತುಗಳಿಗೆ ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಗಾಳಿ. ತಂತಿ, ಸೂಜಿ ತುರುಕಬಾರದು. ಪೊರೆ, ರಬ್ಬರ್ ಇರುವಾಗ ಥಿನ್ನರ್‌ನಲ್ಲಿ ನೆನೆಸಬಾರದು.

ಇಷ್ಟು ಬಿಚ್ಚಿದ ಮೇಲೆ ಇಂಧನ ಪೈಪ್, ಟ್ಯಾಂಕಿನೊಳಗಿನ ಫಿಲ್ಟರ್, ಕೈಯಲ್ಲಿ ಒತ್ತುವ ಪ್ರೈಮರ್ ಗುಳ್ಳೆ ಇವನ್ನೂ ಹೊಸದು ಹಾಕಿ. 58 ಸಿಸಿ ಮಷಿನ್‌ಗೆ ಹೊಸ ಕಾರ್ಬೊರೇಟರ್ ಪೂರ್ತಿಯಾಗಿ ಅಗ್ಗಕ್ಕೇ ಸಿಗುವುದರಿಂದ ಅದರಲ್ಲಿ ಕಿಟ್‌ಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಸ್ಟಿಲ್‌ನದಾದರೆ ಕಿಟ್ಟೇ ಲಾಭ.

ಚಾಲೂ ಆಗತೈತಿ, ರೇಸ್ ಕೊಟ್ಟ ಕೂಡಲೆ ಸಾಯ್ತೈತಿ.

ಪೆಟ್ರೋಲ್ ಸಾಕಾಗುತ್ತಿಲ್ಲ. ಫಿಲ್ಟರ್, ಬಿರುಕು ಪೈಪ್, ಕಾರ್ಬೊರೇಟರ್ ಜಾಲರಿ, ಎಲ್ ಸ್ಕ್ರೂ ಈ ಕ್ರಮದಲ್ಲಿ ನೋಡಿ. ಹತ್ತು ಹದಿನೈದು ನಿಮಿಷ ಓಡಿ ಸಾಯುತ್ತದೆ, ಟ್ಯಾಂಕ್ ಮುಚ್ಚಳ ಸಡಿಲಿಸಿದರೆ ಸುಯ್ ಎಂದು ಗಾಳಿ ಎಳೆದು ಮತ್ತೆ ಓಡುತ್ತದೆ ಎಂದರೆ ಟ್ಯಾಂಕಿನ ಗಾಳಿ ರಂಧ್ರ ಕಟ್ಟಿದೆ. ರೇಸ್ ಬಿಟ್ಟರೂ ಸದ್ದು ಇಳಿಯಲು ತಡವಾದರೆ, ಪಕ್ಕಕ್ಕೆ ವಾಲಿಸಿದಾಗ ಸದ್ದು ಏರಿದರೆ, ಎಲ್ಲೋ ಗಾಳಿ ಸೋರುತ್ತಿದೆ: ಇಂಟೇಕ್ ರಬ್ಬರ್ ಅಥವಾ ಕ್ರ್ಯಾಂಕ್ ಸೀಲ್. ಆ ಸ್ಥಿತಿಯಲ್ಲಿ ಮರ ಕೊಯ್ಯಬೇಡಿ.

ಎಳೆದೆಳೆದು ಪ್ಲಗ್ ಒದ್ದೆಯಾಗಿದ್ದರೆ ಪ್ಲಗ್ ತೆಗೆದು, ಚೋಕ್ ಬಿಟ್ಟು, ರೇಸ್ ಪೂರ್ತಿ ಒತ್ತಿ ಏಳೆಂಟು ಸಲ ಹಗ್ಗ ಎಳೆಯಿರಿ.

ಟ್ಯೂನಿಂಗ್ ಹೆಂಗ?

ಎಲ್, ಎಚ್ ಎರಡೂ ಒಂದೊಂದು ಸುತ್ತು ಹೊರಗಿಟ್ಟು ಶುರು ಮಾಡಿ, ಏರ್ ಫಿಲ್ಟರ್ ಹಾಕಿಯೇ. ಮೂರರಿಂದ ಐದು ನಿಮಿಷ ಕಾಯಿಸಿ. ಎಲ್ ತಿರುಗಿಸುತ್ತ ಸದ್ದು ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಕಾಲು ಸುತ್ತಿಗಿಂತ ಕಡಿಮೆ ಹೊರಕ್ಕೆ ಬಿಡಿ. ಚೈನ್ ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಇಳಿಸಿ.

ಎಚ್ ಸ್ಕ್ರೂ ವಿಷಯದಲ್ಲಿ ಆಸೆ ಬೇಡ. ಒಳಕ್ಕೆ ತಿರುಗಿಸಿದಷ್ಟೂ ಮಷಿನ್ ಕಿರುಚುತ್ತದೆ, ಶಕ್ತಿ ಬಂದಂತೆ ಅನಿಸುತ್ತದೆ, ಪಿಸ್ಟನ್ ಉರಿಯುವುದು ಆಗಲೇ. ಖಾಲಿ ಪೂರ್ತಿ ರೇಸಿನಲ್ಲಿ ಸದ್ದು ಸ್ವಲ್ಪ ಒಡೆದಂತೆ, ಬರಬರ ಎಂದು ಬರಬೇಕು. ಮರಕ್ಕೆ ಇಟ್ಟೊಡನೆ ಆ ಒಡಕು ಹೋಗಿ ಒಂದೇ ಸ್ವರ ಆಗಬೇಕು. ಟ್ಯಾಕೋಮೀಟರ್ ಇದ್ದರೆ ಕೈಪಿಡಿಯ ಗರಿಷ್ಠ ವೇಗ ಮೀರದಂತೆ ನೋಡಿಕೊಳ್ಳಿ. ಬೇಸಿಗೆಗೂ ಮಳೆಗಾಲಕ್ಕೂ ಒಂದೇ ಸೆಟ್ಟಿಂಗ್ ನಡೆಯುವುದಿಲ್ಲ.

ಬಾರ್‌ಗೆ ಎಣ್ಣಿ ಬರವಲ್ದು. ಮತ್ತ ಸುಟ್ಟ ಎಂಜಿನ್ ಆಯಿಲ್ ಹಾಕಿದರ ನಡೀತೈತೇನು?

ಸುಟ್ಟ ಆಯಿಲ್‌ನಲ್ಲಿರುವ ಲೋಹದ ಪುಡಿ ಪಂಪ್ ಸವೆಸುತ್ತದೆ, ಅದು ಕೈ ಮುಖಕ್ಕೆ ಸಿಡಿಯುತ್ತದೆ, ಚರ್ಮಕ್ಕೆ ಒಳ್ಳೆಯದಲ್ಲ. ಬಾರ್ ಎಣ್ಣೆ ಸಿಗದಿದ್ದರೆ ಹೊಸ 20ಡಬ್ಲ್ಯೂ-40 ಆಯಿಲ್ ಹಾಕಿ. ಅಡುಗೆ ಎಣ್ಣೆ ದಿನವೂ ಓಡುವ ಮಷಿನ್‌ಗೆ ನಡೆಯುತ್ತದೆ, ನಿಂತರೆ ಅಂಟಾಗಿ ಪಂಪ್ ಕಟ್ಟುತ್ತದೆ.

ಎಣ್ಣೆ ಬರುತ್ತಿಲ್ಲವೆಂದರೆ ಮೊದಲು ಬಾರ್‌ನ ಸಣ್ಣ ಎಣ್ಣೆ ತೂತು, ಆಮೇಲೆ ಬಾರ್ ಕೂರುವ ಕಡೆಯ ಕಾಲುವೆ, ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್. ಎಲ್ಲ ಚೊಕ್ಕವಿದ್ದೂ ಬರದಿದ್ದರೆ ಕ್ಲಚ್ ಹಿಂದಿರುವ ಹಲ್ಲಿನ ಗೇರ್ ನೋಡಬೇಕು. ಅಗ್ಗದ ಮಷಿನ್‌ಗಳಲ್ಲಿ ಅದು ಪ್ಲಾಸ್ಟಿಕ್, ಬಿಸಿಗೆ ಕರಗುತ್ತದೆ.

ಕ್ಲಚ್ ಬಿಚ್ಚುವಾಗ ನೆನಪಿರಲಿ, ಅದು ಉಲ್ಟಾ ಥ್ರೆಡ್: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲ. ಪಿಸ್ಟನ್ ನಿಲ್ಲಿಸಲು ಪ್ಲಗ್ ತೂತಿಗೆ ಹಳೇ ಹಗ್ಗ ತುರುಕಿ, ಪಿಸ್ಟನ್ ಸೈಲೆನ್ಸರ್ ಪೋರ್ಟ್ ಮುಚ್ಚಿ ಮೇಲೆ ಬಂದ ನಂತರ ಮಾತ್ರ. ಇಲ್ಲದಿದ್ದರೆ ಹಗ್ಗ ಪೋರ್ಟಿನಲ್ಲಿ ಸಿಕ್ಕಿ ರಿಂಗ್ ಮುರಿಯಬಹುದು.

ಕೊನೆಗೆ ಪರೀಕ್ಷೆ: ಒಣ ರಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಬಾರ್ ತುದಿ ಹಿಡಿದು ರೇಸ್ ಕೊಡಿ. ಸ್ವಲ್ಪ ಹೊತ್ತಿನಲ್ಲಿ ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಯಾವ ಚೈನ್ ತಗೋಬೇಕು?

ಅಂಗಡಿಯಲ್ಲಿ ಇಂಚು ಮಾತ್ರ ಹೇಳಿದರೆ ತಪ್ಪು ಚೈನ್ ಬರುತ್ತದೆ. ಮೂರು ಅಳತೆ ಬೇಕು: ಪಿಚ್ (ಚೈನ್ ಕೊಂಡಿಗಳ ಅಂತರದ ಅಳತೆ), ಬಾರ್ ತೋಡಿನ ಅಗಲ, ಕೆಳಗಿನ ಹಲ್ಲಿನ ಎಣಿಕೆ. 52 ಮತ್ತು 58 ಸಿಸಿ ಮಷಿನ್‌ಗೆ ಸಾಮಾನ್ಯವಾಗಿ .325 ಇಂಚಿನ ಪಿಚ್, 1.5 ಮಿ.ಮೀ. ತೋಡು; 18 ಇಂಚಿಗೆ 72, 20 ಇಂಚಿಗೆ 76, 22 ಇಂಚಿಗೆ 86 ಹಲ್ಲು. ಬಾರ್ ಮೇಲೆ ಒತ್ತಿದ ಅಂಕಿಯೇ ಅಂತಿಮ.

ಹಲ್ಲಿನ ಚಕ್ರದಲ್ಲಿ ಅರ್ಧ ಮಿ.ಮೀ. ಆಳದ ತಗ್ಗು ಬಿದ್ದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಚೈನ್ ಬೇಗ ಹಿಗ್ಗುತ್ತದೆ. ಬಾರ್‌ನ ಅಂಚಿಗೆ ಎದ್ದ ಚೂಪನ್ನು ಚಪ್ಪಟೆ ಅರದಿಂದ ತೆಗೆದು, ತೋಡಿನ ಕಸ ಕೆರೆದು, ಬಾರ್ ಮೇಲು ಕೆಳಗು ಮಾಡಿ ಹಾಕಿ. ಚೈನ್ ಬಿಗಿಯುವಾಗ ಬಾರ್ ತುದಿ ಮೇಲೆತ್ತಿ ಹಿಡಿದು ನಟ್ ಬಿಗಿಯಿರಿ. ಕೆಳಗೆ ಜೋತು ಬೀಳಬಾರದು, ಕೈಯಿಂದ ಎಳೆದರೆ ಸರಾಗ ಓಡಬೇಕು.

ಅರ ಯಾವ ನಂಬರಿನದು, ಎಷ್ಟು ಕೋನ?

.325 ಚೈನಿಗೆ 4.8 ಮಿ.ಮೀ. ದುಂಡನೆಯ ಅರ. ಸ್ಟಿಲ್ ಎಂಎಸ್ 170, 180ರಲ್ಲಿ ಬರುವ ಸಣ್ಣ 3/8 ಇಂಚಿನ ಪಿಚ್ ಚೈನಿಗೆ 4 ಮಿ.ಮೀ. ಕೋನ 30 ಡಿಗ್ರಿ. ಒಣ ಜಾಲಿ, ಹುಣಸೆಯ ಕೆಚ್ಚಿಗೆ 25 ಇಟ್ಟರೆ ಅಲಗು ಹೆಚ್ಚು ಹೊತ್ತು ತಾಳುತ್ತದೆ. ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿ. ಅತಿ ಚಿಕ್ಕದಾದ ಹಲ್ಲಿನ ಅಳತೆಗೆ ಉಳಿದವನ್ನೆಲ್ಲ ತನ್ನಿ. ಪ್ರತಿ ಹಲ್ಲಿನ ಮುಂದಿರುವ ಗೂಟದ (ಡೆಪ್ತ್ ಗೇಜ್) ಎತ್ತರ ಹಲ್ಲಿಗಿಂತ 0.65 ಮಿ.ಮೀ. ಕೆಳಗಿರಬೇಕು, ಹೆಚ್ಚು ತಗ್ಗಿಸಿದರೆ ಮಷಿನ್ ಕೈಯಿಂದ ಎಗರುತ್ತದೆ.

ಚೈನ್ ಒಂದೇ ಕಡೆ ವಾಲಿ ಕೊಯ್ಯುತ್ತಿದ್ದರೆ ಒಂದು ಬದಿಯ ಹಲ್ಲು ಮೊಂಡಾಗಿದೆ. ಬದುವಿನ ಬೇವು, ಜಾಲಿ ಗಿಡಗಳಲ್ಲಿ ಹಳೇ ಮುಳ್ಳುತಂತಿ, ಮೊಳೆ ಹೂತಿರುತ್ತವೆ. ಕೊಯ್ಯುವ ಮೊದಲು ತೊಗಟೆ ತಡವಿ ನೋಡಿ.

ಚೈನ್ ಬ್ರೇಕ್ ಕೆಲಸ ಮಾಡವಲ್ದು. ಹಂಗೇ ಓಡಿಸಬಹುದೇನು?

ಓಡಿಸಬಾರದು. ಹಲವು ಸಲ ದೋಷ ದೊಡ್ಡದಿರುವುದಿಲ್ಲ, ಸ್ಪ್ರಿಂಗ್ ಸುತ್ತ ಹೊಟ್ಟು ಗಟ್ಟಿಯಾಗಿರುತ್ತದೆ. ತೊಳೆದು, ಬ್ರೇಕ್ ಪಟ್ಟಿಗೆ ಎಣ್ಣೆ ತಾಗದಂತೆ ಒರೆಸಿ. ಪಟ್ಟಿ ತೆಳುವಾಗಿದ್ದರೆ ಬದಲಿಸಿ. ಮಷಿನ್ ಅನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ರೇಸಿನಲ್ಲಿ ಮುಂದಿನ ಗಾರ್ಡ್ ಅನ್ನು ಮಣಿಕಟ್ಟಿನಿಂದ ತಳ್ಳಿ: ಚೈನ್ ಆ ಕ್ಷಣವೇ ನಿಲ್ಲಬೇಕು. ಚೈನ್ ತುಂಡಾದರೆ ಹಿಡಿಯುವ ಕೆಳಗಿನ ಸಣ್ಣ ಕೊಂಡಿಯೂ ಇರಲೇಬೇಕು, ಹಳೇ ಮಷಿನ್‌ಗಳಲ್ಲಿ ಅದೇ ಮುರಿದು ಹೋಗಿರುತ್ತದೆ.

ಹೊಳಿ ಬಂದಾಗ ಮನ್ಯಾಗ ಮುಳುಗಿದ ಮಷಿನ್ ಐತಿ. ಉಳೀತೈತೇನು?

2019ರ ಆಗಸ್ಟಿನಂತೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಊರೊಳಗೆ ಬಂದ ವರ್ಷ ಈ ಪ್ರಶ್ನೆ ಹೆಚ್ಚು. ನೀರಿನಿಂದ ತೆಗೆದ ದಿನವೇ ಕೈ ಹಾಕಿದರೆ ಉಳಿಯುತ್ತದೆ. ಹಗ್ಗ ಎಳೆಯಬೇಡಿ, ಒಳಗೆ ನೀರು, ಹೂಳು ಇರುತ್ತದೆ. ಪ್ಲಗ್, ಸೈಲೆನ್ಸರ್, ಕಾರ್ಬೊರೇಟರ್ ತೆಗೆದು ಮಷಿನ್ ಬೋರಲು ಹಾಕಿ ಬಸಿಯಿರಿ. ಡೀಸೆಲ್ ಹಾಕಿ ಅಲುಗಾಡಿಸಿ ಬಸಿಯುವುದನ್ನು ಹೂಳು ಬರುವುದು ನಿಲ್ಲುವವರೆಗೆ ಮಾಡಿ, ಆಮೇಲೆ 2ಟಿ ಎಣ್ಣೆ ಹಾಕಿ ಫ್ಲೈವೀಲ್ ಕೈಯಿಂದ ತಿರುಗಿಸಿ. ವಾರಗಟ್ಟಲೆ ಹಾಗೇ ಬಿಟ್ಟಿದ್ದರೆ ಕ್ರ್ಯಾಂಕ್ ಬೇರಿಂಗ್‌ಗೆ ತುಕ್ಕು ಹಿಡಿದಿರುತ್ತದೆ. ತಿರುಗಿಸಿದಾಗ ಕರಕರ ಎಂದರೆ ಕ್ರ್ಯಾಂಕ್ ಕೇಸ್ ಒಡೆಯಬೇಕು, ಆಗ ಅಗ್ಗದ ಮಷಿನ್‌ಗೆ ಖರ್ಚು ಮಾಡುವುದು ದಂಡ.

ಪ್ಲಗ್ ಥ್ರೆಡ್ ಹೋಗೇತಿ.

ಮೂರು ಜಿಲ್ಲೆಯಲ್ಲೂ ಒಳ್ಳೆಯ ಲೇಥ್ ಇದೆ, ಬೆಳಗಾವಿಯ ಉದ್ಯಮಬಾಗದಲ್ಲಂತೂ ಹೇಳಬೇಕಾಗಿಲ್ಲ. 14 ಮಿ.ಮೀ. ಥ್ರೆಡ್‌ಗೆ ಸ್ಟೀಲ್ ಸುರುಳಿ ಹಾಕಿಸಿ. ಸಿಲಿಂಡರ್ ಬಿಚ್ಚಿ ಒಯ್ಯಿರಿ, ಮಷಿನ್ ಮೇಲೆಯೇ ಕೊರೆದರೆ ಚೂರು ಒಳಗೆ ಬೀಳುತ್ತದೆ.

ಎಷ್ಟು ಖರ್ಚು ಬಂದರ ರಿಪೇರಿ ಬಿಡಬೇಕು?

ಕಂಪನಿ ಮಷಿನ್‌ನಲ್ಲಿ ಹೊಸದರ ಬೆಲೆಯ ಅರ್ಧದವರೆಗೂ ಖರ್ಚು ಮಾಡಬಹುದು, ಬಿಡಿಭಾಗ ಮುಂದೆಯೂ ಸಿಗುತ್ತವೆ. ಅಗ್ಗದ ಮಷಿನ್‌ನಲ್ಲಿ ಪಿಸ್ಟನ್, ಸಿಲಿಂಡರ್, ಕ್ರ್ಯಾಂಕ್ ಮೂರರಲ್ಲಿ ಎರಡು ಹೋಗಿದ್ದರೆ ಬಿಟ್ಟುಬಿಡಿ. ಅದರ ಕಾಯಿಲ್, ಸ್ಟಾರ್ಟರ್, ಬಾರ್ ಇನ್ನೊಂದಕ್ಕೆ ಆಗುತ್ತವೆ.

ನಮ್ಮ ಹೊಲದಾಗಿನ ಗಿಡ ಕಡೀಲಿಕ್ಕೂ ಪರವಾನಗಿ ಬೇಕೇನು?

ಮಷಿನ್ ಚಾಲೂ ಆದ ಮೇಲೆ ಬರುವ ಪ್ರಶ್ನೆ ಇದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಗಿಡದ ಜಾತಿ ಹೇಳಿ ಕೇಳಿಕೊಳ್ಳಿ.

ಮಳಿಗಾಲಕ್ಕ ಎತ್ತಿಡೂವಾಗ?

ಟ್ಯಾಂಕ್ ಖಾಲಿ ಮಾಡಿ, ಮಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪ್ಲಗ್ ತೂತಿಗೆ ಒಂದು ಚಮಚ 2ಟಿ ಎಣ್ಣೆ ಹಾಕಿ ಹಗ್ಗ ಎರಡು ಸಲ ನಿಧಾನ ಎಳೆದು ಪ್ಲಗ್ ಹಾಕಿ. ಚೈನ್ ಸಡಿಲಿಸಿ, ಎಣ್ಣೆ ಸವರಿ. ರಸಗೊಬ್ಬರದ ಚೀಲಗಳ ಪಕ್ಕ ಇಡಬೇಡಿ, ಅದರ ತೇವಕ್ಕೆ ಲೋಹ ಬೇಗ ತುಕ್ಕು ಹಿಡಿಯುತ್ತದೆ.